ದಾನಿಯ ರಕ್ತನಾಳ: ಕ್ರಿಮಿಯನ್ನು ಕೊಂದು ಕೋಶವನ್ನು ಉಳಿಸಲು ಯಾವ ದಾರಿ?

ರೋಗಿಗೆ ಜೋಡಿಸಲೆಂದು ಮೃತ ದಾನಿಯ ದೇಹದಿಂದ ತೆಗೆದ ಅಪಧಮನಿಯಾಗಲಿ ಅಭಿಧಮನಿಯಾಗಲಿ ಕ್ರಿಮಿಗಳಿಲ್ಲದೆ ಅಂಗಾಂಶ ಬ್ಯಾಂಕಿಗೆ ಬರುತ್ತದೆ ಎಂದು ನಂಬಿ ಕುಳಿತುಕೊಳ್ಳುವಂತಿಲ್ಲ. ಚರ್ಮದ ಮೇಲಿನ ಸ್ಟ್ಯಾಫಿಲೋಕಾಕಸ್, ಕೂದಲಿನ ಬುಡದಲ್ಲಿ ವಾಸಿಸುವ ಕ್ಯುಟಿಬ್ಯಾಕ್ಟೀರಿಯಂ, ಸಾವಿನ ನಂತರ ಕರುಳಿನ ಗೋಡೆ ದಾಟಿ ಹೊರಬಂದ ಇ. ಕೋಲೈ ಅಥವಾ ಎಂಟರೋಕಾಕಸ್, ಇವುಗಳಲ್ಲಿ ಯಾವುದಾದರೂ ನಾಳದ ಜೊತೆಗೇ ಬಂದಿರಬಹುದು. ಲೋಹದ ಉಪಕರಣವಾಗಿದ್ದರೆ ಒತ್ತಡದ ಬಿಸಿ ಹಬೆಯ ಯಂತ್ರವಾದ ಆಟೋಕ್ಲೇವ್‌ಗೆ ಹಾಕಿದರೆ ಕೆಲಸ ಮುಗಿಯುತ್ತಿತ್ತು. ನಾಳದ ಗೋಡೆಯ ಜೀವಕೋಶಗಳೂ ಉಳಿಯಬೇಕು ಎಂಬ ಷರತ್ತು ಸೇರಿದೊಡನೆ ಅಷ್ಟು ಸುಲಭದ ದಾರಿಗಳೆಲ್ಲ ಮುಚ್ಚಿಹೋಗುತ್ತವೆ.

ಅಂಗಾಂಶ ಬ್ಯಾಂಕಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು, ರಕ್ತನಾಳ ಶಸ್ತ್ರಚಿಕಿತ್ಸೆ ಕಲಿಯುತ್ತಿರುವವರು ಮತ್ತು ವಿಷಯದ ಬಗ್ಗೆ ಕುತೂಹಲವಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಪ್ರತಿ ಬ್ಯಾಂಕೂ ತನ್ನ ನಿಯಂತ್ರಕರು ಒಪ್ಪಿದ ಲಿಖಿತ ವಿಧಾನವನ್ನೇ ಪಾಲಿಸಬೇಕು. ಆ ವಿಧಾನವನ್ನು ಬರೆಯಲು ಕುಳಿತಾಗ ಯಾವುದನ್ನು ಯಾವುದರೊಡನೆ ತೂಗಿ ನೋಡಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಪ್ರತಿಜೀವಕಕ್ಕೆ ಬಂದ ದಾರಿ

1948ರಲ್ಲಿ ಬಾಸ್ಟನ್‌ನ ರಾಬರ್ಟ್ ಗ್ರಾಸ್ ಮಹಾಪಧಮನಿ ಕಿರಿದಾಗಿದ್ದ ರೋಗಿಗಳಿಗೆ ದಾನಿಯ ಅಪಧಮನಿಯನ್ನು ಜೋಡಿಸಿದರು. 1951ರಲ್ಲಿ ಪ್ಯಾರಿಸ್‌ನ ಶಾರ್ಲ್ ಡ್ಯೂಬೋ ಹೊಟ್ಟೆಯ ಮಹಾಪಧಮನಿಯ ಉಬ್ಬನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ದಾನಿಯ ನಾಳವನ್ನು ಹೊಲಿದರು. 1962ರಲ್ಲಿ ಲಂಡನ್‌ನ ಡೊನಾಲ್ಡ್ ರಾಸ್ ಮತ್ತು ಆಕ್ಲೆಂಡ್‌ನ ಬ್ರಯನ್ ಬ್ಯಾರಟ್-ಬಾಯ್ಸ್ ದಾನಿಯ ಮಹಾಪಧಮನಿ ಕವಾಟವನ್ನು ಹೃದಯದಲ್ಲಿ ಕೂರಿಸಿದರು. ಆ ಕಾಲದಲ್ಲಿ ಅಂಗಾಂಶವನ್ನು ಶುದ್ಧಗೊಳಿಸಲು ಬಳಕೆಯಲ್ಲಿದ್ದದ್ದು ಬೀಟಾ-ಪ್ರೊಪಿಯೊಲ್ಯಾಕ್ಟೋನ್, ಎಥಿಲೀನ್ ಆಕ್ಸೈಡ್ ಮತ್ತು ವಿಕಿರಣ. ಮೂರೂ ಕ್ರಿಮಿಗಳನ್ನು ಚೆನ್ನಾಗಿಯೇ ಕೊಂದವು. ಜೊತೆಗೆ ಕೋಶಗಳನ್ನೂ ಕೊಂದು, ಕೊಲಾಜೆನ್ ಮತ್ತು ಇಲಾಸ್ಟಿನ್ ನಾರುಗಳನ್ನೂ ಕೆಡಿಸಿದವು. ಹಾಗೆ ಸಿದ್ಧಪಡಿಸಿದ ಕವಾಟಗಳು ಬೇಗ ಹರಿದವು, ಸುಣ್ಣಗಟ್ಟಿದವು. ಸೌಮ್ಯವಾದ ಪ್ರತಿಜೀವಕ (ಆಂಟಿಬಯೋಟಿಕ್) ದ್ರಾವಣದಲ್ಲಿ ನೆನೆಸಿಡುವ ಪದ್ಧತಿ ಬಂದದ್ದು ಈ ಸೋಲಿನ ಬೆನ್ನಿಗೆ. 1975ರಿಂದ ಬ್ರಿಸ್ಬೇನ್‌ನಲ್ಲಿ ಮಾರ್ಕ್ ಓಬ್ರಿಯನ್ ಅತಿಶೀತದಲ್ಲಿ ಸಂಗ್ರಹಿಸಿದ ಕವಾಟಗಳನ್ನು ಬಳಸತೊಡಗಿದ ಮೇಲೆ ಜೀವಂತ ಕೋಶವಿರುವ ಕಸಿ ಎಂಬುದು ಒಂದು ಗುರಿಯಾಗಿಯೇ ನಿಂತಿತು. ಕವಾಟದಿಂದ ಕಲಿತದ್ದನ್ನೇ ರಕ್ತನಾಳಕ್ಕೂ ಅನ್ವಯಿಸಲಾಯಿತು.

ಒಂದು ವ್ಯತ್ಯಾಸವನ್ನು ಆರಂಭದಲ್ಲೇ ಗಟ್ಟಿಮಾಡಿಕೊಳ್ಳಬೇಕು. ಪ್ರತಿಜೀವಕದ ಸ್ನಾನ ಸಂಪೂರ್ಣ ಕ್ರಿಮಿನಾಶವಲ್ಲ. ಸಂಪೂರ್ಣ ಕ್ರಿಮಿನಾಶ ಎನ್ನಬೇಕಾದರೆ ಹತ್ತು ಲಕ್ಷ ವಸ್ತುಗಳಲ್ಲಿ ಒಂದರಲ್ಲಿ ಮಾತ್ರ ಒಂದು ಕ್ರಿಮಿ ಉಳಿಯುವಷ್ಟು ಕಡಿಮೆ ಸಾಧ್ಯತೆ ಇರಬೇಕು. ವಿಕಿರಣದಲ್ಲಿ ಇದಕ್ಕೆ ರೂಢಿಯ ಪ್ರಮಾಣ 25 ಕಿಲೋಗ್ರೇ. ಪ್ರತಿಜೀವಕ ಆ ಮಟ್ಟದ ಭರವಸೆಯನ್ನು ಎಂದೂ ಕೊಡುವುದಿಲ್ಲ. ಅದು ಕ್ರಿಮಿಗಳ ಸಂಖ್ಯೆಯನ್ನು ತಗ್ಗಿಸುತ್ತದೆ, ಅಷ್ಟೆ.

ಜೀವಂತ ಕೋಶ ನಿಮಗೆ ನಿಜಕ್ಕೂ ಬೇಕೇ?

ಈ ಪ್ರಶ್ನೆಯನ್ನು ಹಾರಿಸಿ ನೇರವಾಗಿ ಔಷಧದ ಪಟ್ಟಿಗೆ ಹೋಗುವವರೇ ಹೆಚ್ಚು. ನಾಳದ ಒಳಮೈಯನ್ನು ಒಂದೇ ಪದರದ ಎಂಡೋಥೀಲಿಯಂ ಕೋಶಗಳು ಮುಚ್ಚಿರುತ್ತವೆ. ನೈಟ್ರಿಕ್ ಆಕ್ಸೈಡ್ ಮತ್ತು ಪ್ರೊಸ್ಟಾಸೈಕ್ಲಿನ್ ಸ್ರವಿಸಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವವು ಇವೇ. ನಡುಪದರದಲ್ಲಿ ಸ್ನಾಯುಕೋಶಗಳು, ಹೊರಪದರದಲ್ಲಿ ನಾರುಕೋಶಗಳು ಇದ್ದು ಗೋಡೆಯ ನಾರುಗಳ ದುರಸ್ತಿ ನಡೆಸುತ್ತವೆ. ಇವೆಲ್ಲ ಬದುಕಿ ಬಂದರೆ ಒಳ್ಳೆಯದಲ್ಲವೇ ಎಂದು ಅನ್ನಿಸುವುದು ಸಹಜ.

ಆದರೆ ಆ ಕೋಶಗಳು ರೋಗಿಯವಲ್ಲ. ಅವುಗಳ ಮೇಲ್ಮೈಯಲ್ಲಿ ದಾನಿಯ ಎಚ್‌ಎಲ್‌ಎ ಗುರುತುಗಳಿರುತ್ತವೆ, ಅಂದರೆ ತನ್ನದು ಯಾವುದು ಪರರದು ಯಾವುದು ಎಂದು ದೇಹ ಗುರುತಿಸಲು ನೆರವಾಗುವ ಪ್ರೋಟೀನುಗಳು. ಎಂಡೋಥೀಲಿಯಂನಲ್ಲಿ ಅವು ಇನ್ನೂ ಢಾಳಾಗಿರುತ್ತವೆ. ರೋಗಿಯ ಪ್ರತಿರಕ್ಷಾ ವ್ಯವಸ್ಥೆ ಅವುಗಳನ್ನು ಗುರುತಿಸಿ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಡಯಾಲಿಸಿಸ್‌ನಲ್ಲಿದ್ದು ಮೂತ್ರಪಿಂಡ ಕಸಿಗಾಗಿ ಕಾಯುತ್ತಿರುವವರಿಗೆ ದಾನಿಯ ಅಭಿಧಮನಿಯನ್ನು ಜೋಡಿಸಿದರೆ, ಆಮೇಲೆ ಹೊಂದುವ ಮೂತ್ರಪಿಂಡ ಸಿಗುವುದು ಕಷ್ಟವಾಗಬಹುದು. ಅಂಥವರಿಗೆ ಕೋಶಗಳನ್ನು ಡಿಟರ್ಜೆಂಟ್ ಮತ್ತು ಕಿಣ್ವಗಳಿಂದ ತೊಳೆದು ತೆಗೆದ, ನಾರಿನ ಚೌಕಟ್ಟು ಮಾತ್ರ ಉಳಿದ ನಾಳವೇ ಮೇಲು. ಕೋಶವನ್ನು ಉಳಿಸುವ ಹಂಗಿಲ್ಲದ ಕಡೆ ಪೆರಾಸಿಟಿಕ್ ಆಮ್ಲದಂಥ ಬಲವಾದ ಕ್ರಿಮಿನಾಶಕವನ್ನೂ ಬಳಸಬಹುದು. ಪ್ರತಿಜೀವಕದ ಲೆಕ್ಕಾಚಾರವೇ ಅಲ್ಲಿ ಗೌಣ.

ಕೃತಕ ನಾಳಕ್ಕೆ ಸೋಂಕು ತಗುಲಿ ಅದನ್ನು ಕಿತ್ತು ಬೇರೆಯದನ್ನು ಹಾಕಬೇಕಾದ ರೋಗಿಯ ಸ್ಥಿತಿ ಬೇರೆ. ಅಲ್ಲಿ ದಾನಿಯ ಅಪಧಮನಿಯನ್ನು ಆರಿಸುವುದು ಜೈವಿಕ ಅಂಗಾಂಶ ಸೋಂಕನ್ನು ಕೃತಕ ಬಟ್ಟೆಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ ಎಂಬ ಕಾರಣಕ್ಕೆ. ಗೋಡೆಯ ಬಲ ಮುಖ್ಯ. ಎಂಡೋಥೀಲಿಯಂ ಉಳಿಯಿತೇ ಇಲ್ಲವೇ ಎಂಬುದು ಎರಡನೆಯ ಮಾತು. ಮೊಣಕಾಲಿನಿಂದ ಕೆಳಗೆ, ರಕ್ತದ ಹರಿವು ನಿಧಾನವಾಗಿರುವ ಕಿರಿದಾದ ನಾಳಗಳಲ್ಲಿ ಒಳಪದರದ ಬೆಲೆ ಏರುತ್ತದೆ, ಏಕೆಂದರೆ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವುದು ಅಲ್ಲೇ.

ಕೋಶ ಉಳಿದಷ್ಟೂ ಕಸಿ ಹೆಚ್ಚು ಕಾಲ ಬಾಳುತ್ತದೆ ಎಂಬ ಮಾತನ್ನು ನಾನು ಹಾಗೆಯೇ ನುಂಗುವುದಿಲ್ಲ. ದಾನಿಯ ಕೋಶಗಳು ಕ್ರಮೇಣ ಮರೆಯಾಗುತ್ತವೆ. ಆದರೂ ಕೋಶದ ಜೀವಂತಿಕೆಯನ್ನು ಅಳೆಯುವುದರಲ್ಲಿ ಒಂದು ದೊಡ್ಡ ಪ್ರಯೋಜನವಿದೆ. ಕೋಶವನ್ನು ಉಳಿಸುವಷ್ಟು ಸೌಮ್ಯವಾದ ವಿಧಾನ ಇಲಾಸ್ಟಿನ್‌ಗೂ ಕೊಲಾಜೆನ್‌ಗೂ ಹಾನಿ ಮಾಡಿರುವ ಸಂಭವ ಕಡಿಮೆ.

ನಾಲ್ಕು ಡಿಗ್ರಿಯೋ ಮೂವತ್ತೇಳೋ

ನಿಜವಾದ ಕವಲುದಾರಿ ಇದು. ಒಂದು ಕಡೆ ನಾಳವನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ 24ರಿಂದ 48 ಗಂಟೆ ನೆನೆಸುವವರು. ಇನ್ನೊಂದು ಕಡೆ 37 ಡಿಗ್ರಿಯಲ್ಲಿ ಕೆಲವೇ ಗಂಟೆ ನೆನೆಸುವವರು.

ತಣ್ಣನೆಯ ದಾರಿಯ ಆಕರ್ಷಣೆ ಸುಲಭವಾಗಿ ಅರ್ಥವಾಗುತ್ತದೆ. ಕೋಶದ ಚಯಾಪಚಯ ನಿಧಾನಗೊಳ್ಳುತ್ತದೆ, ಆಮ್ಲಜನಕದ ಬೇಡಿಕೆ ಇಳಿಯುತ್ತದೆ, ಔಷಧದ ವಿಷವೂ ನಿಧಾನವಾಗಿ ಏರುತ್ತದೆ. ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಮುಂದುವರಿಸಬಹುದು. ತೊಡಕೆಂದರೆ ಕ್ರಿಮಿಯೂ ಅಷ್ಟೇ ಗಾಢವಾಗಿ ನಿದ್ದೆ ಹೋಗುತ್ತದೆ. ಸೆಫಾಕ್ಸಿಟಿನ್‌ನಂಥ ಬೀಟಾ-ಲ್ಯಾಕ್ಟಮ್‌ಗಳು (ಪೆನಿಸಿಲಿನ್‌ನ ಬಳಗ) ಮತ್ತು ವ್ಯಾಂಕೊಮೈಸಿನ್ ಬ್ಯಾಕ್ಟೀರಿಯಾ ತನ್ನ ಗೋಡೆಯನ್ನು ಕಟ್ಟುವುದನ್ನೇ ತಡೆಯುವ ಔಷಧಗಳು. ಗೋಡೆ ಕಟ್ಟುವ ಕೆಲಸವೇ ನಿಂತಿರುವಾಗ ತಡೆಯಲು ಏನಿದೆ? ಜೆಂಟಾಮೈಸಿನ್, ಅಮಿಕಾಸಿನ್ ಮುಂತಾದ ಅಮಿನೊಗ್ಲೈಕೊಸೈಡ್‌ಗಳು ಬ್ಯಾಕ್ಟೀರಿಯಾದ ಒಳಗೆ ಹೋಗಬೇಕಾದರೆ ಅದು ಶಕ್ತಿ ವ್ಯಯಿಸಿ ಅವನ್ನು ಒಳಗೆಳೆದುಕೊಳ್ಳಬೇಕು. ತಣ್ಣಗಿರುವ ಬ್ಯಾಕ್ಟೀರಿಯಾ ಆ ಉಸಾಬರಿಗೆ ಹೋಗುವುದಿಲ್ಲ. ಪೊರೆಯನ್ನೇ ಒಡೆಯುವ ಪಾಲಿಮಿಕ್ಸಿನ್ ಮಾತ್ರ ಕ್ರಿಮಿಯ ಚಟುವಟಿಕೆಯನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ.

ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಸಂಗತಿಯಿದೆ. ತಣ್ಣಗೆ ನೆನೆದ ನಾಳದಲ್ಲಿ ಔಷಧ ಗೋಡೆಯೊಳಕ್ಕೆ ಇಳಿದು ಕುಳಿತಿರುತ್ತದೆ. ಕ್ರಿಮಿ ಉಳಿದಿದೆಯೇ ಎಂದು ಬೆಳೆಸಿ ನೋಡಲು ಆ ನಾಳದ ಚೂರನ್ನು ಕಲ್ಚರ್‌ಗೆ ಹಾಕಿದಾಗ ಚೂರಿನ ಜೊತೆಗೆ ಔಷಧವೂ ಬಾಟಲಿಗೆ ಇಳಿಯುತ್ತದೆ. ಬದುಕಿರುವ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯಲಾರದೆ ತೆಪ್ಪಗಿರುತ್ತದೆ. ವರದಿ 'ಬೆಳವಣಿಗೆ ಇಲ್ಲ' ಎನ್ನುತ್ತದೆ. ತಣ್ಣನೆಯ ವಿಧಾನದ ಒಳ್ಳೆಯ ಅಂಕಿಗಳನ್ನು ಕಂಡಾಗಲೆಲ್ಲ ನಾನು ಮೊದಲು ಹುಡುಕುವುದು ಔಷಧದ ಶೇಷವನ್ನು ಹೇಗೆ ತೆಗೆದರು ಎಂಬ ವಿವರವನ್ನು.

ಬಿಸಿ ದಾರಿಯಲ್ಲಿ ಔಷಧಗಳು ಪೂರ್ಣ ಶಕ್ತಿಯಿಂದ ಕೆಲಸ ಮಾಡುತ್ತವೆ. ಆದರೆ ಗಡಿಯಾರವೂ ಜೋರಾಗಿ ಓಡುತ್ತದೆ. ದಾನಿಯ ಹೃದಯ ನಿಂತಂದಿನಿಂದ ಹಸಿದಿರುವ ಕೋಶಗಳು 37 ಡಿಗ್ರಿಯಲ್ಲಿ ಎಚ್ಚೆತ್ತು ಆಹಾರ, ಆಮ್ಲಜನಕ ಕೇಳುತ್ತವೆ. ಮುಚ್ಚಿದ ಡಬ್ಬಿಯಲ್ಲಿ ಎರಡೂ ಬೇಗ ಮುಗಿಯುತ್ತವೆ, ದ್ರಾವಣ ಆಮ್ಲೀಯವಾಗುತ್ತದೆ. ಆಮ್ಲೀಯ ದ್ರಾವಣದಲ್ಲಿ ಅಮಿನೊಗ್ಲೈಕೊಸೈಡ್‌ಗಳ ಬಲವೂ ಕುಗ್ಗುತ್ತದೆ. ಕೆಲವು ಔಷಧಗಳು ಬಿಸಿಯಲ್ಲಿ ತಾವೇ ಒಡೆಯುತ್ತವೆ, ಇಮಿಪೆನೆಮ್ ಅವುಗಳಲ್ಲಿ ಮುಂದು. ಹೀಗೆ ಗಂಟೆ ಹೆಚ್ಚಿದಂತೆ ಕ್ರಿಮಿಯ ಮೇಲಿನ ಲಾಭ ಇಳಿಯುತ್ತದೆ, ಕೋಶದ ಮೇಲಿನ ನಷ್ಟ ಏರುತ್ತದೆ. ಮೊದಲು ಉದುರುವುದು ಎಂಡೋಥೀಲಿಯಂ.

ನನ್ನ ಒಲವು ಬಿಸಿ ದಾರಿಯ ಕಡೆಗೆ, ಆದರೆ ಎರಡು ಷರತ್ತುಗಳೊಂದಿಗೆ. ಅವಧಿ ಮಿತವಾಗಿರಬೇಕು. ದಾನಿಯ ಹೃದಯ ನಿಂತ ಹೊತ್ತಿನಿಂದ ನಾಳ ದ್ರಾವಣಕ್ಕೆ ಬೀಳುವವರೆಗಿನ ಸಮಯವೂ ಕಡಿಮೆ ಇರಬೇಕು. ಸಾವಾಗಿ ಬಹಳ ಹೊತ್ತಾದ ಮೇಲೆ ತೆಗೆದ ನಾಳವನ್ನು ಬಿಸಿ ದ್ರಾವಣದಲ್ಲಿಟ್ಟು ಕೋಶ ಉಳಿಸುತ್ತೇನೆ ಎನ್ನುವುದು ದುರಾಸೆ. ಅಂಥ ನಾಳಕ್ಕೆ ತಣ್ಣನೆಯ ದಾರಿಯೇ ಸರಿ, ಅಥವಾ ಕೋಶದ ಆಸೆ ಬಿಡುವುದು ಸರಿ. ಹಗಲು ಹೊತ್ತು ಮಾತ್ರ ಸಿಬ್ಬಂದಿ ಇರುವ ಬ್ಯಾಂಕುಗಳಿಗೂ ತಣ್ಣನೆಯ ವಿಧಾನವೇ ಅನುಕೂಲ. ಆರು ಗಂಟೆಯ ವಿಧಾನ ಯಾರೂ ಇಲ್ಲದ ಕಾರಣಕ್ಕೆ ಹದಿನಾಲ್ಕು ಗಂಟೆಯಾಗುವುದಕ್ಕಿಂತ ಅದು ಎಷ್ಟೋ ಮೇಲು.

ಔಷಧಗಳನ್ನು ಒಂದೊಂದಾಗಿ ನೋಡಿದರೆ

ಒಂದೇ ಪ್ರತಿಜೀವಕ ಸಾಲುವುದಿಲ್ಲ. ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಕಡಿಮೆ ಸಾಂದ್ರತೆಯ ಮಿಶ್ರಣದಲ್ಲಿ ಪ್ರತಿ ಮಿಲಿಲೀಟರಿಗೆ ಸೆಫಾಕ್ಸಿಟಿನ್ 240, ಲಿಂಕೊಮೈಸಿನ್ 120, ಪಾಲಿಮಿಕ್ಸಿನ್ ಬಿ 100, ವ್ಯಾಂಕೊಮೈಸಿನ್ 50 ಮೈಕ್ರೋಗ್ರಾಂ ಇರುತ್ತವೆ. ಈ ನಾಲ್ಕರ ಜೋಡಣೆ ಬುದ್ಧಿವಂತಿಕೆಯದು. ಸೆಫಾಕ್ಸಿಟಿನ್ ಎಂಟರೋಕಾಕಸ್ ಮತ್ತು ಸ್ಯೂಡೊಮೊನಾಸ್ ಮುಂದೆ ಸೋಲುತ್ತದೆ. ಮೊದಲನೆಯದನ್ನು ವ್ಯಾಂಕೊಮೈಸಿನ್, ಎರಡನೆಯದನ್ನು ಪಾಲಿಮಿಕ್ಸಿನ್ ನೋಡಿಕೊಳ್ಳುತ್ತವೆ. ಪಾಲಿಮಿಕ್ಸಿನ್‌ಗೆ ಮಣಿಯದ ಪ್ರೋಟಿಯಸ್‌ಗೆ ಸೆಫಾಕ್ಸಿಟಿನ್ ಇದೆ. ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ಸೆಫಾಕ್ಸಿಟಿನ್ ಮತ್ತು ಲಿಂಕೊಮೈಸಿನ್ ಎರಡೂ ಇವೆ. ನಿಮ್ಮ ಮಿಶ್ರಣದಿಂದ ಒಂದನ್ನು ತೆಗೆಯುವ ಮುನ್ನ ಅದು ಯಾವ ಕಂಡಿಯನ್ನು ಮುಚ್ಚುತ್ತಿತ್ತು ಎಂದು ನೋಡಿಕೊಳ್ಳಿ.

ಕೋಶದ ದೃಷ್ಟಿಯಿಂದ ಇವು ಸಮಾನವಲ್ಲ. ಮನುಷ್ಯನ ಕೋಶಕ್ಕೆ ಬ್ಯಾಕ್ಟೀರಿಯಾದಂಥ ಗೋಡೆಯಿಲ್ಲ. ಆದ್ದರಿಂದ ಗೋಡೆಯ ಮೇಲೆ ಕೆಲಸ ಮಾಡುವ ಬೀಟಾ-ಲ್ಯಾಕ್ಟಮ್ ಮತ್ತು ವ್ಯಾಂಕೊಮೈಸಿನ್ ಅದಕ್ಕೆ ತಕ್ಕಮಟ್ಟಿಗೆ ಸೌಮ್ಯ. ಅಮಿನೊಗ್ಲೈಕೊಸೈಡ್‌ಗಳ ಗುರಿ ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್. ನಮ್ಮ ಮೈಟೊಕಾಂಡ್ರಿಯದ ರೈಬೋಸೋಮ್ ಅದನ್ನು ಹೋಲುವುದರಿಂದ ಪೆಟ್ಟು ಅಲ್ಲಿಗೂ ಬೀಳಬಹುದು. ಪಾಲಿಮಿಕ್ಸಿನ್ ಪೊರೆಯನ್ನು ಒಡೆಯುವುದರಿಂದ ಪ್ರಮಾಣದಲ್ಲಿ ಕೈಬಿಗಿ ಬೇಕು.

ಆಂಫೊಟೆರಿಸಿನ್ ಬಿ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ: ಜೀವಂತ ಕೋಶ ಗುರಿಯಾಗಿದ್ದರೆ ಅದನ್ನು ಬಿಡಿ. ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೋಸ್ಟೆರಾಲ್‌ಗೆ ಅಂಟಿಕೊಂಡು ರಂಧ್ರ ಕೊರೆಯುವುದು ಅದರ ಕೆಲಸ. ನಮ್ಮ ಕೋಶದ ಪೊರೆಯಲ್ಲಿರುವ ಕೊಲೆಸ್ಟರಾಲ್‌ಗೂ ಅದು ಅಂಟುತ್ತದೆ, ಬಲ ಸ್ವಲ್ಪ ಕಡಿಮೆ ಅಷ್ಟೆ. ಅದರ ಹಳೆಯ ರೂಪದಲ್ಲಿ ಔಷಧವನ್ನು ಕರಗಿಸಲು ಸೇರಿಸಿರುವ ಡಿಆಕ್ಸಿಕೊಲೇಟ್ ಒಂದು ಡಿಟರ್ಜೆಂಟ್. ನಾಳದಿಂದ ಕೋಶಗಳನ್ನು ತೊಳೆದು ತೆಗೆಯುವವರು ಹೆಚ್ಚಿನ ಪ್ರಮಾಣದಲ್ಲಿ ಬಳಸುವುದೂ ಅದನ್ನೇ! ಪೊರೆಗೆ ಹೀಗೆ ಪೆಟ್ಟು ಬಿದ್ದ ಕೋಶ ಮುಂದೆ ಅತಿಶೀತದಲ್ಲಿ ಹೆಪ್ಪುಗಟ್ಟಿಸಿ ಕರಗಿಸುವ ಒತ್ತಡವನ್ನು ತಾಳುವುದು ಕಷ್ಟ. ಶಿಲೀಂಧ್ರದ ಭಯವಿದ್ದರೆ ಎರಡು ದಾರಿಗಳಿವೆ. ಕ್ಯಾಸ್ಪೊಫಂಗಿನ್‌ನ ಬಳಗದ ಔಷಧಗಳು ಶಿಲೀಂಧ್ರದ ಗೋಡೆಯಲ್ಲಿರುವ, ಮನುಷ್ಯನ ಕೋಶದಲ್ಲಿ ಇಲ್ಲವೇ ಇಲ್ಲದ ಬೀಟಾ-ಗ್ಲೂಕಾನ್ ಮೇಲೆ ಕೆಲಸ ಮಾಡುತ್ತವೆ. ಅವುಗಳನ್ನು ನಿಮ್ಮ ದ್ರಾವಣದಲ್ಲಿ ಪರೀಕ್ಷಿಸಿ ನೋಡಬಹುದು. ಇಲ್ಲವಾದರೆ ನೆನೆಸುವ ಮುನ್ನ ತೆಗೆದ ಮೊದಲ ಕಲ್ಚರ್‌ನಲ್ಲಿ ಶಿಲೀಂಧ್ರ ಕಂಡ ನಾಳವನ್ನು ಎಸೆದುಬಿಡಬೇಕು. ಎರಡನೆಯದು ಸರಳ, ಮತ್ತು ರೋಗಿಯ ದೃಷ್ಟಿಯಿಂದ ಹೆಚ್ಚು ಸುರಕ್ಷಿತ.

ಪ್ರಮಾಣ ಮತ್ತು ಅವಧಿಯ ಸಂಬಂಧವೂ ಔಷಧದಿಂದ ಔಷಧಕ್ಕೆ ಬದಲಾಗುತ್ತದೆ. ಅಮಿನೊಗ್ಲೈಕೊಸೈಡ್‌ಗಳು ಸಾಂದ್ರತೆ ಹೆಚ್ಚಿದಷ್ಟು ಬೇಗ ಕೊಲ್ಲುತ್ತವೆ. ಬೀಟಾ-ಲ್ಯಾಕ್ಟಮ್‌ಗಳಿಗೆ ಒಂದು ಮಿತಿ ದಾಟಿದ ಮೇಲೆ ಸಾಂದ್ರತೆ ಏರಿಸಿ ಪ್ರಯೋಜನವಿಲ್ಲ, ಸಮಯ ಕೊಡಬೇಕು. ಎಲ್ಲವನ್ನೂ ಹತ್ತು ಪಟ್ಟು ಹಾಕಿ ಬೇಗ ಮುಗಿಸೋಣ ಎಂಬ ಲೆಕ್ಕ ಅರ್ಧ ಮಾತ್ರ ಸರಿ. ಅದರಲ್ಲೂ ಬೀಟಾ-ಲ್ಯಾಕ್ಟಮ್ ಮತ್ತು ಅಮಿನೊಗ್ಲೈಕೊಸೈಡ್ ಹೆಚ್ಚಿನ ಸಾಂದ್ರತೆಯಲ್ಲಿ ಒಂದೇ ಪಾತ್ರೆಯಲ್ಲಿದ್ದರೆ ಒಂದು ಇನ್ನೊಂದನ್ನು ನಿಷ್ಕ್ರಿಯಗೊಳಿಸುತ್ತದೆ. ವ್ಯಾಂಕೊಮೈಸಿನ್ ಮತ್ತು ಸೆಫ್ಟಾಜಿಡೈಮ್ ಕೂಡಿದರೆ ಗಸಿಯಾಗಿ ತಳಕ್ಕೆ ಕೂರಬಹುದು.

ಯಾವುದರಲ್ಲಿ ಕರಗಿಸಬೇಕು ಎಂಬುದಕ್ಕೆ ಉದ್ದದ ಚರ್ಚೆ ಬೇಡ. ಬರೀ ಲವಣ ದ್ರಾವಣ ಕೋಶವನ್ನು ಹಸಿವಿನಲ್ಲಿಡುತ್ತದೆ. ಆರ್‌ಪಿಎಂಐ 1640 ಅಥವಾ ಅಂಥದೇ ಕೋಶ ಪೋಷಕ ದ್ರಾವಣ ಬೇಕು. ಅದು ಬೈಕಾರ್ಬೊನೇಟ್ ಮೇಲೆ ನಿಂತದ್ದಾದರೆ ಇಂಗಾಲದ ಡೈಆಕ್ಸೈಡ್ ಇಲ್ಲದ ಕಡೆ ಆಮ್ಲ-ಕ್ಷಾರ ಮಟ್ಟ ಏರುಪೇರಾಗುತ್ತದೆ ಎಂಬುದು ನೆನಪಿರಲಿ. ಪೋಷಕ ದ್ರಾವಣದಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸ್ಯೂಡೊಮೊನಾಸ್ ವಿರುದ್ಧ ಪಾಲಿಮಿಕ್ಸಿನ್ ಮತ್ತು ಅಮಿನೊಗ್ಲೈಕೊಸೈಡ್‌ಗಳ ಬಲವನ್ನು ತಗ್ಗಿಸುತ್ತವೆ. ಆದ್ದರಿಂದ ಪ್ರಯೋಗಾಲಯದ ಬೇರೆ ದ್ರಾವಣದಲ್ಲಿ ಸಿಕ್ಕ ಫಲಿತಾಂಶವನ್ನು ಇಲ್ಲಿಗೆ ಎತ್ತಿ ತರುವಂತಿಲ್ಲ.

ದ್ರಾವಣಕ್ಕೆ ಮುಂಚಿನ ಕೆಲಸ

ನಾಳದ ಮೇಲಿನ ಕೊಬ್ಬು, ರಕ್ತದ ಹೆಪ್ಪು, ಜೋತುಬಿದ್ದ ಅಂಗಾಂಶ ಇವೇ ಕ್ರಿಮಿಗಳ ಅಡಗುತಾಣ. ಔಷಧ ಕೊಬ್ಬಿನೊಳಗೆ ಸರಿಯಾಗಿ ಇಳಿಯುವುದಿಲ್ಲ. ಹೊರಪದರವನ್ನು ಹಾನಿಯಾಗದಂತೆ ಬಿಡಿಸಿ, ಹೊಸ ಹೊಸ ದ್ರಾವಣದಲ್ಲಿ ಹಲವು ಬಾರಿ ಜಾಲಾಡಿದರೆ ಔಷಧ ಕೆಲಸ ಆರಂಭಿಸುವ ಮುನ್ನವೇ ಕ್ರಿಮಿಯ ಹೊರೆ ಬಹಳಷ್ಟು ಇಳಿದಿರುತ್ತದೆ. ಕೋಶಕ್ಕೆ ಯಾವ ವಿಷವೂ ತಗುಲದೆ ಸಿಗುವ ಲಾಭ ಇದೊಂದೇ. ನೆನೆಸುವಾಗ ನಾಳದ ಟೊಳ್ಳಿನಲ್ಲಿ ಗಾಳಿಯ ಗುಳ್ಳೆ ಉಳಿಯಬಾರದು, ದ್ರಾವಣವನ್ನು ಮೆಲ್ಲಗೆ ಅಲುಗಾಡಿಸುತ್ತಿರಬೇಕು.

ಅಜಾಗರೂಕತೆಯಿಂದ ತೆಗೆದ ನಾಳವನ್ನು ಔಷಧದ ಪ್ರಮಾಣ ಹೆಚ್ಚಿಸಿ ಸರಿಪಡಿಸಲು ಹೊರಡುವುದು ನನಗೆ ಒಪ್ಪಿಗೆಯಿಲ್ಲ. ಪ್ರತಿಜೀವಕಕ್ಕೆ ಜಗ್ಗದವು ಹಲವು ಇವೆ: ವೈರಸ್‌ಗಳು (ಅವುಗಳನ್ನು ದಾನಿಯ ರಕ್ತಪರೀಕ್ಷೆಯಲ್ಲೇ ಹಿಡಿಯಬೇಕು), ವಾರಗಟ್ಟಲೆ ನಿಧಾನವಾಗಿ ಬೆಳೆಯುವ ಮೈಕೊಬ್ಯಾಕ್ಟೀರಿಯಾ, ಎಲ್ಲಕ್ಕಿಂತ ಮುಖ್ಯವಾಗಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು (ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪ). 2001ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಮೊಣಕಾಲಿಗೆ ದಾನಿಯ ಮೂಳೆ ಮತ್ತು ಮೃದ್ವಸ್ಥಿಯ ಕಸಿ ಪಡೆದ ಯುವಕನೊಬ್ಬ ಕ್ಲಾಸ್ಟ್ರಿಡಿಯಂ ಸೋರ್ಡೆಲಿ ಸೋಂಕಿನಿಂದ ಕೆಲವೇ ದಿನಗಳಲ್ಲಿ ಮೃತಪಟ್ಟ. ಆ ಅಂಗಾಂಶವನ್ನು ಪ್ರತಿಜೀವಕ ದ್ರಾವಣದಲ್ಲಿ ಇಟ್ಟ ನಂತರವಷ್ಟೇ ಕಲ್ಚರ್ ಮಾಡಲಾಗಿತ್ತು. ಔಷಧ ತಗುಲುವ ಮುನ್ನವೇ ಮೊದಲ ಕಲ್ಚರ್ ತೆಗೆದುಕೊಳ್ಳಬೇಕು ಎಂಬ ಸೂಚನೆಗೆ ಆ ಸಾವಿನ ತನಿಖೆ ದೊಡ್ಡ ಕಾರಣ. ಮೊದಲ ಕಲ್ಚರ್‌ನಲ್ಲಿ ಕ್ಲಾಸ್ಟ್ರಿಡಿಯಂ ಬಂದರೆ, ನೆನೆಸಿದ ನಂತರದ ವರದಿ ಎಷ್ಟೇ ಚೆನ್ನಾಗಿದ್ದರೂ, ಆ ನಾಳವನ್ನು ಬಳಸಬಾರದು.

ಕ್ರಿಮಿ ಸತ್ತಿದೆ, ಕೋಶ ಬದುಕಿದೆ ಎಂದು ತಿಳಿಯುವುದು ಹೇಗೆ

ನೆನೆಸಿದ ನಂತರದ ಕಲ್ಚರ್‌ಗೆ ಮುನ್ನ ನಾಳವನ್ನು ಚೆನ್ನಾಗಿ ತೊಳೆಯಬೇಕು. ಔಷಧವನ್ನು ಹೀರಿಕೊಳ್ಳುವ ರಾಳವಿರುವ ಕಲ್ಚರ್ ಬಾಟಲಿಗಳು ಸಿಗುತ್ತವೆ, ಅವನ್ನು ಬಳಸುವುದು ಲೇಸು. ಸ್ವಾಬ್‌ನಿಂದ ಮೇಲ್ಮೈ ಒರೆಸಿದರೆ ಸಾಲದು, ಅಂಗಾಂಶದ ತುಂಡನ್ನೇ ಹಾಕಬೇಕು. ವಿಧಾನವನ್ನು ರೂಪಿಸುವ ಹಂತದಲ್ಲಿ ಬೇಕೆಂದೇ ಗೊತ್ತಿರುವ ಪ್ರಮಾಣದ ಬ್ಯಾಕ್ಟೀರಿಯಾವನ್ನು ನಾಳದ ಚೂರಿಗೆ ಸೇರಿಸಿ, ನಿಮ್ಮ ವಿಧಾನ ಎಷ್ಟನ್ನು ಉಳಿಸುತ್ತದೆ ಎಂದು ಎಣಿಸಬೇಕು. ಈ ಪರೀಕ್ಷೆಯಿಲ್ಲದ ವಿಧಾನವನ್ನು ಹೋಲಿಕೆಗೆ ತೆಗೆದುಕೊಳ್ಳುವುದೇ ಬೇಡ.

ಕೋಶದ ಕಡೆಗೆ ಬಂದರೆ, ಹೆಚ್ಚು ಬಳಕೆಯಲ್ಲಿರುವುದು ಎಂಟಿಟಿ ಪರೀಕ್ಷೆ. ಜೀವಂತ ಕೋಶದ ಕಿಣ್ವಗಳು ಹಳದಿ ಬಣ್ಣದ ರಾಸಾಯನಿಕವನ್ನು ನೇರಳೆಗೆ ತಿರುಗಿಸುತ್ತವೆ. ಇದರಲ್ಲಿ ಎರಡು ಗುಂಡಿಗಳಿವೆ. ಬದುಕಿರುವ ಬ್ಯಾಕ್ಟೀರಿಯಾ ಕೂಡ ಅದನ್ನು ನೇರಳೆಯಾಗಿಸುತ್ತದೆ. ಕೊಳಕು ನಾಳ ಜೀವಂತ ನಾಳದಂತೆ ಕಂಡೀತು! ಇನ್ನೊಂದು, ಇಡೀ ತುಂಡಿನ ಮೊತ್ತ ಮಾತ್ರ ಅಲ್ಲಿ ಸಿಗುವುದರಿಂದ ಸ್ನಾಯುಕೋಶಗಳ ಸದ್ದಿನಲ್ಲಿ ಒಂದೇ ಪದರದ ಎಂಡೋಥೀಲಿಯಂ ಸತ್ತದ್ದು ಗೊತ್ತೇ ಆಗುವುದಿಲ್ಲ. ಎಂಡೋಥೀಲಿಯಂ ಬೇಕೆಂದಿದ್ದರೆ ಅದನ್ನೇ ಕೇಳುವ ಪರೀಕ್ಷೆ ಬೇಕು: ಎಂಡೋಥೀಲಿಯಂ ಕೋಶದ ಗುರುತಾದ ಸಿಡಿ31 ಪ್ರೋಟೀನಿಗೆ ಬಣ್ಣಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಥವಾ ನಾಳದ ಉಂಗುರವನ್ನು ದ್ರಾವಣದಲ್ಲಿ ತೂಗುಹಾಕಿ ನಾರ್‌ಅಡ್ರಿನಲಿನ್‌ನಿಂದ ಸಂಕುಚಿಸಿ, ಅಸಿಟೈಲ್‌ಕೊಲಿನ್ ಕೊಟ್ಟಾಗ ಸಡಿಲಗೊಳ್ಳುತ್ತದೆಯೇ ಎಂದು ನೋಡುವುದು. ಒಳಪದರ ಇಲ್ಲದ ನಾಳ ಅಸಿಟೈಲ್‌ಕೊಲಿನ್‌ಗೆ ಸಡಿಲಗೊಳ್ಳುವುದಿಲ್ಲ ಎಂಬುದನ್ನು 1980ರಲ್ಲಿ ಫರ್ಚ್‌ಗಾಟ್ ಮತ್ತು ಜವಾಡ್ಸ್ಕಿ ಮೊಲದ ಮಹಾಪಧಮನಿಯಲ್ಲಿ ತೋರಿಸಿದರು. ಇಂದಿಗೂ ಇದಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆ ನನಗೆ ಕಂಡಿಲ್ಲ.

ಅಳತೆಯ ಸಮಯವೂ ಮುಖ್ಯ. ಅತಿಶೀತದಿಂದ ತೆಗೆದು ಕರಗಿಸಿದ ತಕ್ಷಣ ಚೆನ್ನಾಗಿ ಕಾಣುವ ಕೋಶಗಳಲ್ಲಿ ಹಲವು ಒಂದು ದಿನದೊಳಗೆ ತಾವಾಗಿ ಸಾಯುತ್ತವೆ. ಬೆಚ್ಚಗಿನ ಪೋಷಕ ದ್ರಾವಣದಲ್ಲಿ 24 ಗಂಟೆ ಇಟ್ಟು ಮತ್ತೆ ಅಳೆದ ಅಂಕಿಯನ್ನು ನಂಬಿ.

ನೆನೆಸಿದ ಮೇಲೆ

ಯಕೃತ್ತು ಕಸಿಯಲ್ಲಿ ದಾನಿಯ ಸೊಂಟದ ನಾಳಗಳನ್ನು ಅಂಗಗಳನ್ನು ಕಾಪಿಡುವ ಯೂನಿವರ್ಸಿಟಿ ಆಫ್ ವಿಸ್ಕಾನ್ಸಿನ್ ದ್ರಾವಣದಲ್ಲಿ ತಣ್ಣಗಿಟ್ಟು ಕೆಲವೇ ದಿನಗಳಲ್ಲಿ ಬಳಸುತ್ತಾರೆ. ಅಮೆರಿಕದಲ್ಲಿ ಹಾಗೆ ಇಡಬಹುದಾದ ಗರಿಷ್ಠ ಅವಧಿ 14 ದಿನ. ಅವು ಅಂಗದ ಜೊತೆಗೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ತೆಗೆದ, ರಕ್ತದ ಹರಿವು ನಿಂತೊಡನೆ ತಣ್ಣನೆಯ ದ್ರಾವಣ ಹರಿಸಿ ತಂಪು ಮಾಡಿದ ನಾಳಗಳು. ಅಂಥವಕ್ಕೆ ದೀರ್ಘ ಪ್ರತಿಜೀವಕ ಸ್ನಾನದ ಅಗತ್ಯ ಕಡಿಮೆ.

ತಿಂಗಳುಗಟ್ಟಲೆ ಇಡಬೇಕಾದರೆ ಅತಿಶೀತ ಸಂಗ್ರಹವೇ ಗತಿ: ಸುಮಾರು ಶೇಕಡ 10ರಷ್ಟು ಡಿಎಂಎಸ್‌ಒ (ಮಂಜಿನ ಹರಳಿನಿಂದ ಕೋಶವನ್ನು ಕಾಯುವ ದ್ರವ) ಸೇರಿಸಿ, ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ತಂಪು ಮಾಡಿ, ದ್ರವ ಸಾರಜನಕದ ಆವಿಯಲ್ಲಿ ಮೈನಸ್ 140 ಡಿಗ್ರಿಗಿಂತ ಕೆಳಗೆ ಇಡುವುದು. ಪ್ರತಿಜೀವಕದಿಂದ ಆದ ಹಾನಿ ಮತ್ತು ಹೆಪ್ಪುಗಟ್ಟಿಸುವ ಹಾನಿ ಒಂದರ ಮೇಲೊಂದು ಸೇರುತ್ತವೆ. ಆದ್ದರಿಂದ ತಾಜಾ ನಾಳದಲ್ಲಿ ಚೆನ್ನಾಗಿ ಕಂಡ ವಿಧಾನವನ್ನು ಕರಗಿಸಿದ ನಾಳದಲ್ಲೂ ಪರೀಕ್ಷಿಸದೆ ಆರಿಸಬೇಡಿ. ಕರಗಿಸುವಾಗ ಅತಿ ತಣ್ಣಗಿನ ಹಂತದಲ್ಲಿ ಅವಸರ ಮಾಡಿದರೆ ಅಪಧಮನಿಯ ಗೋಡೆ ಗಾಜಿನಂತೆ ಬಿರುಕು ಬಿಡುತ್ತದೆ. ಮೊದಲು ನಿಧಾನವಾಗಿ ಮೈನಸ್ 100ರ ಆಸುಪಾಸಿಗೆ ತಂದು, ಅಲ್ಲಿಂದ ಬೆಚ್ಚನೆಯ ನೀರಿನಲ್ಲಿ ಬೇಗ ಕರಗಿಸಬೇಕು.

ಬಳಸಿದ ಪ್ರತಿ ಪ್ರತಿಜೀವಕದ ಹೆಸರು ನಾಳದ ಜೊತೆಗೆ ಹೋಗುವ ಕಾಗದದಲ್ಲಿ ಇರಲೇಬೇಕು. ಎಷ್ಟು ತೊಳೆದರೂ ಗೋಡೆಯಲ್ಲಿ ಸ್ವಲ್ಪ ಉಳಿಯುತ್ತದೆ. ಸೋಂಕಿರುವ ಜಾಗದಲ್ಲಿ ಜೋಡಿಸಿದಾಗ ಆ ಶೇಷ ಉಪಕಾರವನ್ನೂ ಮಾಡೀತು. ಬೀಟಾ-ಲ್ಯಾಕ್ಟಮ್ ಅಲರ್ಜಿ ಇರುವ ರೋಗಿಗೆ ಮಾತ್ರ ಅದು ಅಪಾಯ. ಆ ಬಳಗದ ಔಷಧವಿಲ್ಲದ ಎರಡನೆಯ ಮಿಶ್ರಣವೊಂದನ್ನು ಮೊದಲೇ ಪರೀಕ್ಷಿಸಿ ಸಿದ್ಧವಾಗಿಟ್ಟುಕೊಂಡ ಬ್ಯಾಂಕು ಅಂಥ ರೋಗಿಯ ಶಸ್ತ್ರಚಿಕಿತ್ಸಕರಿಗೆ 'ನಮ್ಮಲ್ಲಿ ನಾಳವಿಲ್ಲ' ಎಂದು ಹೇಳಬೇಕಾಗುವುದಿಲ್ಲ.